ಲೋಲಕದ ಉದ್ದ

ಕೊಂಡ್ಲಹಳ್ಳಿ
12 ಏಪ್ರಿಲ್ 2025

ನಿರ್ಮಲಾಗೆ,

ಕಾಗದದ ತಲೆಯಲ್ಲಿ ಕ್ಷೇಮ ಸಮಾಚಾರ ಬರೆಯುವುದು ಪದ್ಧತಿ. ನನ್ನ ಕ್ಷೇಮವನ್ನು ನೀನು ಕೇಳಿಲ್ಲ, ನಿನ್ನದನ್ನು ಕೇಳುವ ಮನಸ್ಸು ನನಗಿಲ್ಲ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಿನ್ನ ಅಣ್ಣ ಬಾಲರಾಜ ಪಕ್ಕದ ಮನೆ ರೇಣುಕಮ್ಮನ ಮೊಬೈಲಿಗೆ ಮೂರು ಸಲ ಫೋನ್ ಮಾಡಿ ನನ್ನನ್ನು ಕರೆದ. ನಾನು ಹೋಗಲಿಲ್ಲ. ಫೋನಿನಲ್ಲಿ ಆಡಿದ ಮಾತನ್ನು ಮಾರನೆಯ ದಿನ 'ನಾನು ಹಂಗಂದೇ ಇಲ್ಲ' ಎನ್ನಬಹುದು. ಕಾಗದದಲ್ಲಿ ಆ ಅನುಕೂಲ ಇಲ್ಲ. ಏನು ಹೇಳುವುದಿದ್ದರೂ ಬರೆದು, ಕೆಳಗೆ ರುಜು ಹಾಕಿ ಕಳಿಸು.

ಏಪ್ರಿಲ್ ಎರಡನೇ ತಾರೀಖು ಬುಧವಾರ ವನಜಾಕ್ಷಿಯ ಎಸ್ಸೆಸ್ಸೆಲ್ಸಿ ವಿಜ್ಞಾನ ಪರೀಕ್ಷೆ. ಎಂಟೂ ನಲವತ್ತರ ಬಸ್ಸು ಹಿಡಿದು ಮೊಳಕಾಲ್ಮುರಿಗೆ ಹೋಗಬೇಕಿತ್ತು. ನೀವಿಬ್ಬರೂ ಮನೆಯಲ್ಲಿ ಹೊತ್ತು ಮಾಡಿದಿರಿ. ಜಡೆ ಸರಿಯಿಲ್ಲ, ಪೆನ್ನು ಸಿಗುತ್ತಿಲ್ಲ, ಇನ್ನೊಂದು ಸಲ ಪುಸ್ತಕ ನೋಡುತ್ತೇನೆ. ಬಸ್ಸು ತಪ್ಪಿತು. ತಪ್ಪಿದ್ದಕ್ಕೆ ನಾನು ಕೈ ಎತ್ತಲಿಲ್ಲ. ಬಸ್ ಸ್ಟಾಪಿನಲ್ಲಿ ಹತ್ತು ಜನ ಗಂಡಸರ ಮುಂದೆ ನಿನ್ನ ಮಗಳು, 'ಅಜ್ಜಿ, ನಿನ್ನ ಗಡಿಯಾರಾನೇ ಸರಿಯಿಲ್ಲ' ಎಂದಳು. ಅದಕ್ಕೆ ಹೊಡೆದೆ. ಸುಳ್ಳು ಹೇಳಿದವಳಿಗೆ ಸುಳ್ಳಿ ಎಂದೆ. ಈಗಲೂ ಅನ್ನುತ್ತೇನೆ.

ಆ ಗಡಿಯಾರವನ್ನು ನಿನ್ನ ಮಾವ ಜುಂಜಪ್ಪನವರು ನಮ್ಮ ಮದುವೆಯ ವರ್ಷ ಬಳ್ಳಾರಿಯಿಂದ ತೊಡೆಯ ಮೇಲಿಟ್ಟುಕೊಂಡು ತಂದರು. ಐವತ್ತೊಂದು ವರ್ಷ ಆಯಿತು. ಪ್ರತಿ ಗುರುವಾರ ಬೆಳಿಗ್ಗೆ ರೇಡಿಯೋ ವಾರ್ತೆಗೆ ಮುಳ್ಳು ಸರಿ ನೋಡಿ ಕೀ ಕೊಡುವುದು ಅವರ ಕೆಲಸವಾಗಿತ್ತು, ಅವರು ಹೋದ ಮೇಲೆ ನನ್ನದು. ನನ್ನ ಮಗ ಮುತ್ತುರಾಜ ಬದುಕಿದ್ದಾಗಲೂ ಅವನ ಕೈಗೆ ಆ ಕೀ ಕೊಟ್ಟವಳಲ್ಲ ನಾನು. ಬೀದಿಯ ಮಗ್ಗದವರು ಊಟಕ್ಕೆ ಎದ್ದೇಳುತ್ತಿದ್ದದ್ದು ಅದರ ಗಂಟೆ ಕೇಳಿ. ಗಡಿಯಾರದ ವಿಷಯದಲ್ಲಿ ನನಗೆ ಪಾಠ ಹೇಳಬೇಡಿ. ಈ ಊರಿನಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದ ಮೊದಲ ಹೆಣ್ಣು ನಾನು. ಲೋಲಕದ ಪಾಠ ನಮಗೂ ಇತ್ತು. ತುದಿಯ ಬಿಲ್ಲೆ ಭಾರವಿದ್ದರೂ ಹಗುರವಿದ್ದರೂ ಅದರ ತೂಗಾಟದ ಕಾಲ ಬದಲಾಗುವುದಿಲ್ಲ ಎಂಬುದು ಇವತ್ತಿಗೂ ನನಗೆ ಬಾಯಿಪಾಠ.

ವನಜಾಕ್ಷಿಯನ್ನು ಕಳಿಸು. ಅವಳು ಬಂದು ಅದೇ ಬಸ್ ಸ್ಟಾಪಿನಲ್ಲಿ 'ನಾನು ಸುಳ್ಳು ಹೇಳಿದೆ' ಎಂದರೆ ಸಾಕು. ಆಮೇಲೆ ಅವಳು ಮೊದಲಿನಂತೆ ನನ್ನ ಮೊಮ್ಮಗಳು. ನೀನು ಬರುವುದು ಬಿಡುವುದು ನಿನ್ನಿಷ್ಟ.

ಇಂತಿ,
ದುರುಗಕ್ಕ, ಎಸ್ಸೆಸ್ಸೆಲ್ಸಿ


ಚಳ್ಳಕೆರೆ
19 ಏಪ್ರಿಲ್ 2025

ಅತ್ತೆಯವರಿಗೆ,

ಬರೆದು ಹೇಳು ಎಂದಿರಿ. ಒಳ್ಳೆಯದೇ ಆಯಿತು. ಹದಿನೇಳು ವರ್ಷದಲ್ಲಿ ನಿಮ್ಮೆದುರು ನಾನು ಒಂದು ಮಾತನ್ನು ಕೊನೆಯವರೆಗೆ ಆಡಿದ್ದೇ ಇಲ್ಲ. ಅರ್ಧಕ್ಕೆ ನೀವು 'ಸಾಕು ಸುಮ್ಕಿರು' ಎನ್ನುತ್ತೀರಿ. ಕಾಗದಕ್ಕೆ ಹಾಗೆ ಅನ್ನಲಾರಿರಿ.

ಪರೀಕ್ಷೆ ಮುಗಿಯುವ ತನಕ ಮನೆಯಲ್ಲಿ ಮೊಬೈಲ್ ಕೂಡದು ಎಂದು ನನ್ನದನ್ನೂ ಅವಳದನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿದವರು ನೀವು. ಟೀವಿ ವೈರು ಕಿತ್ತವರು ನೀವು. ರೇಡಿಯೋ ಗುರುವಾರ ಮಾತ್ರ ಎಂದವರೂ ನೀವೇ. ಮನೆಯಲ್ಲಿ ಹೊತ್ತು ತಿಳಿಯಲು ಉಳಿದದ್ದು ನಿಮ್ಮ ಗಡಿಯಾರ ಒಂದೇ. ಅದು ಎಂಟೂ ಇಪ್ಪತ್ಮೂರು ತೋರಿಸಿದಾಗ ನಾವು ಹೊಸಿಲು ದಾಟಿದೆವು. ಐದು ನಿಮಿಷದ ದಾರಿ. ನೀವೂ ಜೊತೆಗೆ ಬಂದಿರಿ. ಬಸ್ ಸ್ಟಾಪಿನಲ್ಲಿ ಟೀ ಅಂಗಡಿ ಯರ್ರಪ್ಪ, 'ಬಸ್ಸು ಹೋಗಿ ಹನ್ನೆರಡು ನಿಮಿಷ ಆತಲ್ರಮ್ಮ' ಎಂದು ಮೊಬೈಲ್ ತೋರಿಸಿದ. ಎಂಟೂ ಐವತ್ತೆರಡು. ನೀವು ಆ ಕಡೆ ತಿರುಗಿಯೂ ನೋಡಲಿಲ್ಲ. ಮಗುವಿನ ಕೆನ್ನೆಗೆ ಹೊಡೆದಿರಿ. 'ಕನ್ನಡಿ ಮುಂದೆ ನಿಂತು ಬಸ್ಸು ಬಿಟ್ಕೊಂಡು ನನ್ನ ಗಡಿಯಾರಕ್ಕೆ ಸುಳ್ಳು ಹೊರಿಸ್ತೀಯೇನೇ ಸುಳ್ಳಿ' ಎಂದಿರಿ. ಹದಿನಾರು ವರ್ಷದ ಹುಡುಗಿ, ಅತ್ತೆ. ಹಾಲ್ ಟಿಕೆಟ್ ಕೈಯಲ್ಲಿ ಹಿಡಿದು ನಿಂತಿದ್ದಳು.

ಬೈಕ್ ಇದ್ದವರೆಲ್ಲ ಆಗಲೇ ಕೆಲಸಕ್ಕೆ ಹೋಗಿದ್ದರು. ದೊಡ್ಡೀರಪ್ಪ ಪಾಪ, ಕಡ್ಲೆಕಾಯಿ ಹೊಟ್ಟು ತುಂಬಿದ್ದ ಟ್ರೇಲರ್ ಕಳಚಿ ನಮ್ಮನ್ನು ಟ್ರಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂರಿಸಿಕೊಂಡು ಹೊರಟ. ಸೆಂಟರ್ ಮುಟ್ಟಿದಾಗ ಹತ್ತೂ ನಲವತ್ತು. ಗೇಟಿನ ಪೇದೆ, 'ಹತ್ತೂವರೆಗೇ ಮುಚ್ಚೈತಮ್ಮ, ನನ್ ಕೈಯಾಗಿಲ್ಲ' ಎಂದ. ಒಳಗೆ ಮಕ್ಕಳು ಬರೆಯುತ್ತಿದ್ದದ್ದು ಕಿಟಕಿಯಲ್ಲಿ ಕಾಣುತ್ತಿತ್ತು. ವನಜ ಅಳಲಿಲ್ಲ. 'ಅವ್ವಾ, ಗಡಿಯಾರ ತಪ್ಪಿತ್ತು ಅಂತ ನೀನಾದ್ರೂ ನಂಬ್ತೀಯ?' ಎಂದು ಕೇಳಿದಳು. ಅಲ್ಲಿಂದ ನಾನು ನಿಮ್ಮ ಮನೆಗೆ ಹಿಂದಿರುಗದೆ ನೇರ ಚಳ್ಳಕೆರೆ ಬಸ್ಸು ಹತ್ತಿದ್ದು ಆ ಒಂದು ಮಾತಿಗೆ.

ಇನ್ನೊಂದು ನೆನಪು ಮಾಡಿಕೊಳ್ಳಿ. ಅದಕ್ಕೂ ಮುಂಚಿನ ಶನಿವಾರ ಸಮಾಜ ಪರೀಕ್ಷೆಗೆ ಹೊರಟಾಗ ಬಸ್ಸು ಆಗಲೇ ಬಂದು ನಿಂತಿತ್ತು, ಓಡಿ ಹತ್ತಿದೆವು. ಆಗಲೂ ನಮ್ಮನ್ನೇ ಸೋಮಾರಿಗಳು ಎಂದಿರಿ.

ಪರೀಕ್ಷೆಗೆ ಮುಂಚೆ ನಾಯಕನಹಟ್ಟಿ ಸ್ವಾಮಿಗೆ ಹರಕೆ ಹೊತ್ತು ಅವಳ ಹೆಸರಲ್ಲಿ ಒಂದು ಮುಡಿಪು ಕಟ್ಟುತ್ತೇನೆ ಎಂದಾಗ ನೀವು ನಕ್ಕಿರಿ. 'ಓದಿದೋರಿಗೆ ಮುಡಿಪು ಯಾಕೆ? ನಾನು ಯಾವ ದೇವರಿಗೂ ಕಾಸು ತೋರಿಸ್ದೆ ಪಾಸಾದೋಳು' ಎಂದಿರಿ. ಅರಿಶಿನ ಬಟ್ಟೆಯನ್ನು ನನ್ನ ಕೈಯಿಂದ ಕಿತ್ತುಕೊಂಡಿರಿ. ಆ ಪುಣ್ಯವೂ ಮಗುವಿಗೆ ಸಿಗಲಿಲ್ಲ.

ವನಜ ಬಂದು ಸುಳ್ಳು ಹೇಳಿದೆ ಎನ್ನುವುದಿಲ್ಲ. ನೀವು ಅದೇ ಬಸ್ ಸ್ಟಾಪಿನಲ್ಲಿ, ಅದೇ ಜನರ ಮುಂದೆ 'ನನ್ನ ಮೊಮ್ಮಗಳು ನಿಜ ಹೇಳಿದಳು' ಎನ್ನಬೇಕು. ಅಲ್ಲಿಯತನಕ ಅವಳು ಅಲ್ಲಿಗೆ ಕಾಲಿಡುವುದಿಲ್ಲ. ಮೇ ಕೊನೆಗೆ ಎರಡನೇ ಪರೀಕ್ಷೆ ಇದೆ, ವಿಜ್ಞಾನ ಅಲ್ಲಿ ಬರೆಯುತ್ತಾಳೆ. ಕಾಲೇಜೂ ಇಲ್ಲೇ.

ನಿರ್ಮಲಾ


ಕೊಂಡ್ಲಹಳ್ಳಿ
26 ಏಪ್ರಿಲ್ 2025

ನಿರ್ಮಲಾಗೆ,

ನಿನ್ನ ಕಾಗದ ಓದಿದೆ. ಅಕ್ಷರ ಚೆನ್ನಾಗಿದೆ. ಬುದ್ಧಿಯೂ ಅಷ್ಟೇ ಚೆನ್ನಾಗಿದ್ದಿದ್ದರೆ ಗಂಡ ಸತ್ತ ಮೇಲೆ ಆರು ವರ್ಷ ಅನ್ನ ಹಾಕಿದ ಮನೆಗೆ ಇಂಥ ಮಾತು ಬರೆಯುತ್ತಿರಲಿಲ್ಲ.

ಯರ್ರಪ್ಪನ ಮೊಬೈಲಿಗೆ ನನ್ನ ಗಡಿಯಾರ ಸಾಕ್ಷಿ ಹೇಳಬೇಕೆ, ನನ್ನ ಗಡಿಯಾರಕ್ಕೆ ಯರ್ರಪ್ಪನ ಮೊಬೈಲೆ? ಬಸ್ಸು ಅವತ್ತು ಮುಂಚೆ ಬಂದಿರಬಹುದು. ಡ್ರೈವರುಗಳು ಮನಸ್ಸು ಬಂದಂತೆ ಬರುತ್ತಾರೆ.

ಬೇಸಿಗೆಯಲ್ಲಿ ಯಾವ ಗಡಿಯಾರವಾದರೂ ಸ್ವಲ್ಪ ಹಿಂದೆ ಬೀಳಬಹುದು. ಬಿಸಿಲಿಗೆ ಲೋಹ ಹಿಗ್ಗುತ್ತದೆ, ಲೋಲಕ ಉದ್ದವಾಗುತ್ತದೆ, ಉದ್ದವಾದದ್ದು ನಿಧಾನಕ್ಕೆ ತೂಗುತ್ತದೆ. ಇದೂ ನಮ್ಮ ಪುಸ್ತಕದಲ್ಲಿತ್ತು. ನಮ್ಮ ಕಡೆಯ ಬಿಸಿಲು ನಿನಗೆ ಹೊಸದಲ್ಲ. ಹಾಗೆ ಏನಾದರೂ ಆಗಿದ್ದರೆ ಅದು ಸೂರ್ಯನ ತಪ್ಪು, ನನ್ನದಲ್ಲ, ಗಡಿಯಾರದ್ದೂ ಅಲ್ಲ. ಆಗಿದೆ ಎಂದು ನಾನು ಹೇಳುತ್ತಿಲ್ಲ.

ಅದಲ್ಲದೆ ನಾನು ಎಮ್ಮೆಗೆ ನೀರು ತೋರಿಸಲು ಹೋದಾಗ ನೀನು ಗಡಿಯಾರದ ಬಾಗಿಲು ತೆಗೆದಿಲ್ಲ ಎನ್ನುವುದಕ್ಕೆ ಏನು ಗ್ಯಾರಂಟಿ? ಮಗಳನ್ನು ಚಳ್ಳಕೆರೆಗೆ ಸಾಗಿಸುವ ಆಲೋಚನೆ ನಿನಗೆ ಯಾವಾಗಿನಿಂದಲೋ ಇತ್ತು.

ಬಾಲರಾಜನ ಸೈಕಲ್ ಶಾಪಿನ ಹಿಂದಿನ ಕೋಣೆ ನಾನು ನೋಡಿದ್ದೇನೆ. ಮುಂದೆ ಸುತ್ತಿಗೆ ಸದ್ದು, ಹಿಂದೆ ಎಣ್ಣೆ ಗಿರಣಿಯ ಸದ್ದು. ಅಲ್ಲಿ ಹುಡುಗಿ ಏನು ಓದುತ್ತಾಳೆ? ಅವಳ ಹಾಸಿಗೆ ಇಲ್ಲಿ ಮಡಿಸಿದ ಹಾಗೇ ಇದೆ. ಕಳಿಸು.

ದುರುಗಕ್ಕ, ಎಸ್ಸೆಸ್ಸೆಲ್ಸಿ


ಚಳ್ಳಕೆರೆ
6 ಮೇ 2025

ಅಜ್ಜಿಗೆ,

ಅವ್ವನಿಗೆ ಬರೆದ ಕಾಗದಗಳನ್ನು ಓದಿದೆ. ಅವ್ವ ಬೇಡ ಅಂದರೂ ನಾನೇ ಬರೆಯುತ್ತಿದ್ದೇನೆ. ಜಗಳಕ್ಕಲ್ಲ. ನೀವು ಬಿಸಿಲಿಗೆ ಲೋಲಕ ಉದ್ದವಾಗುತ್ತದೆ ಎಂದು ಬರೆದಿದ್ದೀರಲ್ಲ, ಅದು ನಿಜ. ಎಷ್ಟು ಉದ್ದವಾಗುತ್ತದೆ ಎಂದು ನೋಡಬೇಕು ಅನ್ನಿಸಿತು. ವಿಜ್ಞಾನ ಹೇಗೂ ಮತ್ತೆ ಓದಲೇಬೇಕು.

ಮಾವನ ಅಂಗಡಿಯಿಂದ ಒಂದು ದಪ್ಪ ನಟ್ ತೆಗೆದುಕೊಂಡು ದಾರ ಕಟ್ಟಿ ಬಾಗಿಲಿನ ಮೇಲಿನ ಮೊಳೆಗೆ ನೇತು ಹಾಕಿದೆ. ದಾರ ಒಂದು ಮೀಟರ್. ಇಪ್ಪತ್ತು ಸಲ ಹೋಗಿ ಬರಲು ನಲವತ್ತು ಸೆಕೆಂಡು. ಇನ್ನೊಂದು ನಟ್ ಸೇರಿಸಿದೆ, ಮತ್ತೊಂದು ಸೇರಿಸಿದೆ, ಒಟ್ಟಿಗೇ ಬಿಗಿದು ಕಟ್ಟಿದೆ. ಆಗಲೂ ನಲವತ್ತೇ. ನೀವು ಹೇಳಿದ ಹಾಗೆ ತೂಕಕ್ಕೆ ಬದಲಾಗಲಿಲ್ಲ. ಆಮೇಲೆ ದಾರವನ್ನು ಕಾಲು ಮೀಟರ್ ಮಾಡಿದೆ. ಇಪ್ಪತ್ತು ತೂಗಾಟಕ್ಕೆ ಇಪ್ಪತ್ತೇ ಸೆಕೆಂಡು. ಉದ್ದ ನಾಲ್ಕು ಪಟ್ಟಾದರೆ ಕಾಲ ಎರಡು ಪಟ್ಟು. ಮಾವ ನೋಡಿ, 'ಏನೇ ವನಜ, ಅಂಗಡಿಗೆ ನಟ್ಟಿನ ತೋರಣ ಕಟ್ತೀಯಾ?' ಎಂದು ನಕ್ಕರು.

ಈಗ ನಮ್ಮ ಗಡಿಯಾರ. ಅದರ ಲೋಲಕ ನನ್ನ ಒಂದು ಗೇಣಿಗಿಂತ ಸ್ವಲ್ಪ ಉದ್ದ, ಇಪ್ಪತ್ತೈದು ಸೆಂಟಿಮೀಟರ್ ಅಂದುಕೊಳ್ಳೋಣ. ನಮ್ಮ ಬಿಸಿಲಿಗೆ ಹಿತ್ತಾಳೆ ಕಡ್ಡಿ ಹಿಗ್ಗುವುದು ಒಂದು ತಲೆಗೂದಲಿನ ದಪ್ಪದಷ್ಟು. ಅದರಿಂದ ದಿನಕ್ಕೆ ಹತ್ತು ಹನ್ನೆರಡು ಸೆಕೆಂಡು ಹಿಂದೆ ಬೀಳಬಹುದು. ಆರು ದಿನಕ್ಕೆ ಒಂದು ನಿಮಿಷದ ಆಸುಪಾಸು. ಅವತ್ತು ಗಡಿಯಾರ ಇಪ್ಪತ್ನಾಲ್ಕು ನಿಮಿಷ ಹಿಂದಿತ್ತು. ಗುರುವಾರ ನೀವು ಸರಿ ಮಾಡಿ ಆರು ದಿನ, ದಿನಕ್ಕೆ ನಾಲ್ಕು ನಿಮಿಷ. ಶನಿವಾರ ಎಂಟು ನಿಮಿಷ ಹಿಂದಿದ್ದಿರಬೇಕು, ಅದಕ್ಕೇ ಅವತ್ತು ಓಡಿದೆವು. ಲೆಕ್ಕ ಸರಿ ಬರುತ್ತದೆ. ಅದಕ್ಕೂ ಮುಂಚಿನ ಪರೀಕ್ಷೆಗಳಿಗೆ ನಾವು ಆರಾಮಾಗಿ ಹೋಗಿದ್ದೆವು. ಹಾಗಾದರೆ ಆ ಗುರುವಾರ, ಮಾರ್ಚ್ ಇಪ್ಪತ್ತೇಳು, ಏನೋ ಆಯಿತು. ಲೋಲಕ ಒಂದೂವರೆ ಮಿಲಿಮೀಟರ್ ಉದ್ದವಾದ ಹಾಗಾಯಿತು. ಒಂದು ಅಕ್ಕಿ ಕಾಳಿನ ದಪ್ಪ ಅಷ್ಟೇ ಅಜ್ಜಿ.

ಕೊನೆಗೆ ಇನ್ನೊಂದು ಮಾಡಿದೆ. ಕಾಲು ಮೀಟರ್ ದಾರದ ದೊಡ್ಡ ನಟ್ಟಿಗೆ ಕೆಳಗಡೆ ಇನ್ನೊಂದು ಗಿಡ್ಡ ದಾರದಲ್ಲಿ ಸಣ್ಣ ವಾಷರ್ ಇಳಿಬಿಟ್ಟೆ. ನೂರು ತೂಗಾಟ ಎಣಿಸಿದಾಗ ಮೊದಲಿಗಿಂತ ನಿಧಾನ ಆಗಿತ್ತು. ವಾಷರನ್ನು ನಟ್ಟಿಗೇ ಒತ್ತಿ ಕಟ್ಟಿದರೆ ವ್ಯತ್ಯಾಸ ಇಲ್ಲ. ಕೆಳಗೆ ಇಳಿಬಿಟ್ಟರೆ ಇದೆ. ಕೆಳಗೆ ಇಳಿದ ಭಾರ ಲೋಲಕವನ್ನೇ ಉದ್ದ ಮಾಡುತ್ತದೆ.

ಬಿಲ್ಲೆಯ ಅಡಿಯ ತಿರುಪು ಸಡಿಲವಾಗಿ ಬಿಲ್ಲೆ ಜಾರಿರಬಹುದು. ಇಲ್ಲದಿದ್ದರೆ ಅದಕ್ಕೆ ಏನೋ ತಗುಲಿಕೊಂಡಿರಬಹುದು. ಗಾಜಿನ ಕೆಳಗಡೆ ತಾತ ದೇವರ ಪಟ ಅಂಟಿಸಿದ್ದರಿಂದ ಹೊರಗಿನಿಂದ ಕಾಣುವುದಿಲ್ಲ. ಆ ಬಾಗಿಲು ತೆಗೆಯುವವರು ನೀವೊಬ್ಬರೇ. ಒಂದು ಸಲ ಬಾಗಿಲು ತೆಗೆದು ನೋಡಿ.

ಹೊಡೆದದ್ದು ನೋಯಲಿಲ್ಲ. ಸುಳ್ಳಿ ಅಂದದ್ದು ನೋಯುತ್ತಿದೆ.

ವನಜಾಕ್ಷಿ


ಕೊಂಡ್ಲಹಳ್ಳಿ
10 ಮೇ 2025

ವನಜಾಕ್ಷಿಗೆ,

ಗಡಿಯಾರದ ಬಾಗಿಲು ತೆಗೆದು ನೋಡಿದೆ. ತಿರುಪು ಬಿಗಿಯಾಗಿದೆ. ಬಿಲ್ಲೆಗೆ ಏನೂ ತಗುಲಿಕೊಂಡಿಲ್ಲ.

ದಾರ, ನಟ್ಟು ಆಡಿಕೊಂಡು ಕಾಲ ಕಳೆಯುವ ಬದಲು ಪುಸ್ತಕ ಹಿಡಿ.

ದುರುಗಕ್ಕ


ಚಳ್ಳಕೆರೆ
17 ಮೇ 2025

ಅತ್ತೆಯವರಿಗೆ,

ನಿಮ್ಮ ಮೂರು ಸಾಲು ತಲುಪಿದವು. ವನಜ ಅದನ್ನು ಓದಿ ಮಡಿಸಿ ಜಾಮಿಟ್ರಿ ಬಾಕ್ಸಿನಲ್ಲಿಟ್ಟಳು. ಬಾಗಿಲಿಗೆ ಕಟ್ಟಿದ್ದ ದಾರವನ್ನು ಬಿಚ್ಚಿ ನಟ್ಟನ್ನು ಅಣ್ಣನ ಡಬ್ಬಿಗೆ ಹಾಕಿದಳು. 'ಅಜ್ಜಿ ನೋಡ್ಯವ್ರಂತೆ, ಏನೂ ಇಲ್ವಂತೆ. ನಂದೇ ತಪ್ಪಿರ್ಬೇಕು ಬಿಡವ್ವ' ಎಂದಳು. ಒಂದೂವರೆ ತಿಂಗಳು ತನ್ನ ಮಾತಿನ ಮೇಲೆ ನಿಂತಿದ್ದ ಹುಡುಗಿ, ನಿಮ್ಮ ಮೂರು ಸಾಲಿಗೆ ತನ್ನನ್ನೇ ಅನುಮಾನಿಸಿದಳು. ಆಗಿನಿಂದ ಪುಸ್ತಕ ತೆರೆದರೆ ಅದೇ ಪುಟ, ಒಂದು ಗಂಟೆ ಬಿಟ್ಟು ನೋಡಿದರೂ ಅದೇ ಪುಟ. ಪರೀಕ್ಷೆಗೆ ಹೋಗಲ್ಲ ಎನ್ನುತ್ತಿದ್ದಾಳೆ.

ನಿಮ್ಮ ಕೈಯ ಹೊಡೆತಕ್ಕೆ ಆಗದಿದ್ದದ್ದು ನಿಮ್ಮ ಪೆನ್ನಿಗೆ ಆಯಿತು.

ಇನ್ನು ನಮಗೂ ನಿಮಗೂ ಕಾಗದ ಬೇಡ. 23ನೇ ತಾರೀಖು ಶುಕ್ರವಾರ ಅಣ್ಣ ಬರುತ್ತಾನೆ. ನನ್ನ ಟ್ರಂಕು, ಅವಳ ಬಟ್ಟೆ, ಪುಸ್ತಕ ಕೊಟ್ಟು ಕಳಿಸಿ. ಗಡಿಯಾರ ನೀವೇ ಇಟ್ಟುಕೊಳ್ಳಿ.

ನಿರ್ಮಲಾ


ಕೊಂಡ್ಲಹಳ್ಳಿ
22 ಮೇ 2025, ಗುರುವಾರ

ನಿರ್ಮಲಾ, ವನಜಾಕ್ಷಿ, ಇಬ್ಬರಿಗೂ,

ನಾಳೆ ಬಾಲರಾಜ ಬಂದಾಗ ಈ ಕಾಗದ ಟ್ರಂಕಿನಲ್ಲಿ ಮೇಲೆಯೇ ಇರುತ್ತದೆ. ನಿರ್ಮಲಾ, ನೀನು ಓದದೆ ಹರಿದು ಹಾಕುವವಳು. ಆದ್ದರಿಂದ ಹುಡುಗಿ ಓದಲಿ, ನೀನು ಕೇಳು. ಅರ್ಧಕ್ಕೆ ಸುಮ್ಮನಿರು ಎನ್ನಬೇಡ.

ಏಪ್ರಿಲ್ ಮೂರರ ಗುರುವಾರ, ನೀವು ಹೋದ ಮಾರನೆಯ ಬೆಳಿಗ್ಗೆ, ರೇಡಿಯೋ ವಾರ್ತೆ ಹಾಕಿ ಗಡಿಯಾರ ನೋಡಿದೆ. ಇಪ್ಪತ್ತೆಂಟು ನಿಮಿಷ ಹಿಂದಿತ್ತು. ಅಂದರೆ ನಾನು ಮೊದಲನೇ ಕಾಗದ ಬರೆಯುವ ಒಂಬತ್ತು ದಿನ ಮುಂಚೆಯೇ ಹುಡುಗಿ ನಿಜ ಹೇಳಿದ್ದಳು ಎಂದು ನನಗೆ ಗೊತ್ತಿತ್ತು. ಮುಳ್ಳನ್ನು ಮುಂದೆ ತಿರುಗಿಸಿ ಬಾಗಿಲು ಹಾಕಿದೆ. ಯಾರಿಗೂ ಹೇಳಲಿಲ್ಲ. ಮುಂದಿನ ಗುರುವಾರವೂ ಅಷ್ಟೇ ಹಿಂದಿತ್ತು, ಅದರ ಮುಂದಿನದೂ. ರಿಪೇರಿಯವನನ್ನು ಕರೆಸಿದರೆ ಬೀದಿಗೆ ತಿಳಿಯುತ್ತದೆ ಎಂದು ಕರೆಸಲಿಲ್ಲ. ಹಳೆಯದಾಯಿತು, ಸ್ಪ್ರಿಂಗ್ ಸೋತಿತು ಎಂದು ನನಗೆ ನಾನೇ ಹೇಳಿಕೊಂಡೆ.

ಯಾಕೆ ಹಿಂದೆ ಬೀಳುತ್ತಿದೆ ಎಂದು ಮಾತ್ರ ನಿಜಕ್ಕೂ ಗೊತ್ತಿರಲಿಲ್ಲ. ಅದು ಗೊತ್ತಾದದ್ದು ಮೇ ಎಂಟರ ಮಧ್ಯಾಹ್ನ, ವನಜ, ನಿನ್ನ ಕಾಗದ ಓದಿದ ಮೇಲೆ.

ಮಾರ್ಚ್ ಇಪ್ಪತ್ತೇಳರ ಬೆಳಿಗ್ಗೆ ಕೀ ಕೊಟ್ಟು ಮುಗಿಸಿದಾಗ ನೀನು ಪಡಸಾಲೆಯಲ್ಲಿ ವಿಜ್ಞಾನದ ಪುಸ್ತಕ ಹಿಡಿದು ಕೂತಿದ್ದೆ. ತುಟಿ ಅಲ್ಲಾಡುತ್ತಿತ್ತು, ಕಣ್ಣಲ್ಲಿ ನೀರಿತ್ತು. ನಿನ್ನ ಅವ್ವನ ಕೈಯಿಂದ ಕಿತ್ತುಕೊಂಡಿದ್ದ ಅರಿಶಿನ ಬಟ್ಟೆ ನನ್ನ ಸೊಂಟದಲ್ಲೇ ಇತ್ತು. ಅದರಲ್ಲಿ ಒಂದು ರೂಪಾಯಿ ಇಟ್ಟು ಗಂಟು ಹಾಕಿ, ನಾಯಕನಹಟ್ಟಿ ಸ್ವಾಮಿಗೆ ಕೈ ಮುಗಿದು, ಈ ಹುಡುಗಿ ಪಾಸಾದರೆ ಅವಳ ಕೈಯಿಂದಲೇ ಒಪ್ಪಿಸುತ್ತೇನೆ ಎಂದೆ. ಮುಡಿಪನ್ನು ದೇವರ ಗೂಡಿನಲ್ಲಿ ಇಟ್ಟರೆ ನಿರ್ಮಲಾ ನೋಡುತ್ತಿದ್ದಳು. ಓದಿದವರಿಗೆ ಮುಡಿಪು ಯಾಕೆ ಎಂದು ನಕ್ಕ ನಾನೇ ಮೊಮ್ಮಗಳ ವಿಜ್ಞಾನಕ್ಕೆ ಹೆದರಿ ಹರಕೆ ಹೊತ್ತೆ ಎಂದು ಅವಳಿಗೆ ಗೊತ್ತಾಗುವುದು ನನಗೆ ಬೇಕಿರಲಿಲ್ಲ. ಮನೆಯಲ್ಲಿ ನಾನೊಬ್ಬಳೇ ತೆಗೆಯುವ ಬಾಗಿಲು ಗಡಿಯಾರದ್ದು. ಬಿಲ್ಲೆಯ ಕೆಳಗಿನ ಕೊಂಡಿಗೆ ಮೂರು ಬೆರಳು ಉದ್ದದ ದಾರದಲ್ಲಿ ಇಳಿಬಿಟ್ಟೆ. ಪಟದ ಹಿಂದೆ ಕಾಣುತ್ತಿರಲಿಲ್ಲ. ಲೋಲಕ ಒಂದೊಂದು ಸಲ ತೂಗಿದಾಗಲೂ ಸ್ವಾಮಿಗೆ ನಿನ್ನ ನೆನಪಾಗಲಿ ಎಂದುಕೊಂಡೆ.

ಕಟ್ಟುವ ಮೊದಲು ಯೋಚನೆ ಮಾಡದೆ ಇರಲಿಲ್ಲ. ತೂಕಕ್ಕೆ ಲೋಲಕದ ಕಾಲ ಬದಲಾಗುವುದಿಲ್ಲ ಎಂದು ಬಾಯಿಪಾಠ ಒಪ್ಪಿಸಿಯೇ ಕಟ್ಟಿದೆ. ನಮ್ಮ ಪುಸ್ತಕದಲ್ಲಿ ಅದರ ಕೆಳಗಿನ ಸಾಲು ಉದ್ದದ್ದು. ಆ ಸಾಲೂ ಗೊತ್ತಿತ್ತು, ನಿಮಗೆ ಬಿಸಿಲಿನ ಪಾಠ ಹೇಳುವಾಗ ಅದನ್ನೇ ಬರೆದೆ. ನನ್ನ ಕೈಯಾರೆ ಕಟ್ಟಿದ ಗಂಟಿಗೆ ಅದು ಸೇರುತ್ತದೆ ಎಂದು ಹೊಳೆಯಲಿಲ್ಲ. ಇಷ್ಟು ವರ್ಷ ರುಜುವಿನ ಪಕ್ಕ ಎಸ್ಸೆಸ್ಸೆಲ್ಸಿ ಎಂದು ಬರೆದುಕೊಂಡದ್ದು ಅರ್ಧ ಪಾಠಕ್ಕೆ.

ನಿನ್ನ ಕಾಗದದಲ್ಲಿ ವಾಷರಿನ ವಿಷಯ ಓದಿ ಎದ್ದು ಹೋಗಿ ಬಾಗಿಲು ತೆಗೆದೆ. ಮುಡಿಪು ತೂಗುತ್ತಿತ್ತು. ಬಿಚ್ಚಿದೆ. ಬಿಚ್ಚಿ, ಎರಡು ದಿನ ಬಿಟ್ಟು, 'ಏನೂ ತಗುಲಿಕೊಂಡಿಲ್ಲ' ಎಂದು ಬರೆದೆ. ಬರೆಯುವ ಹೊತ್ತಿಗೆ ಅದು ನಿಜವೇ ಆಗಿತ್ತು. ಇಂಥ ನಿಜ ಬರೆಯಲು ಹೈಸ್ಕೂಲಿಗೆ ಹೋಗಬೇಕಾಗಿರಲಿಲ್ಲ.

ಆ ಕಾಗದ ಕಳಿಸಿದ ಮುಂದಿನ ಗುರುವಾರ ರೇಡಿಯೋ ಹಾಕಿದೆ. ಗಡಿಯಾರ ಸರಿಯಾಗಿತ್ತು. ಬಿಚ್ಚುವ ಮುಂಚಿನ ಅರ್ಧ ದಿನಕ್ಕೆ ಒಂದೆರಡು ನಿಮಿಷ ಹಿಂದೆ, ಅಷ್ಟೇ. ಒಂದು ವಾರ ಹಾಗೆ ಇರಬಹುದು ಬಿಡು ಎಂದುಕೊಂಡೆ. ನಿರ್ಮಲಾಳ ಕಾಗದ ಬಂತು. ಇವತ್ತು ಎರಡನೇ ಗುರುವಾರ. ವಾರ್ತೆ ಶುರುವಾಯಿತು, ಮುಳ್ಳು ಅಲ್ಲೇ ಇತ್ತು. ಒಂದು ನಿಮಿಷ ಆಚೆ ಇಲ್ಲ, ಈಚೆ ಇಲ್ಲ. ಐವತ್ತೊಂದು ವರ್ಷದಲ್ಲಿ ಅದು ನನಗೆ ಇಷ್ಟು ಅವಮಾನ ಮಾಡಿರಲಿಲ್ಲ.

ಸೀರೆ ಬದಲಿಸಿ ಬಸ್ ಸ್ಟಾಪಿಗೆ ಹೋದೆ. ಅಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಅನುಮಾನವಿದ್ದರೆ ಬಾಲರಾಜ ನಾಳೆ ಯಾರನ್ನಾದರೂ ಕೇಳಲಿ.

'ಯರ್ರಪ್ಪ, ನಿನ್ನ ಮೊಬೈಲ್ನಾಗೆ ಎಷ್ಟಾತು?' ಎಂದೆ.

'ಎಂಟೂ ಮೂವತ್ತು ಅಕ್ಕಯ್ಯ. ಯಾಕೆ, ನಿಮ್ಮ ಗಡಿಯಾರ ನಿಂತೋತಾ?' ಎಂದ. ಬೆಂಚಿನ ಮೇಲಿದ್ದವರು ನಕ್ಕರು.

'ನಿಂತಿಲ್ಲ. ಸರಿಯಾಗಿ ನಡೀತೈತೆ. ಅದಕ್ಕೇ ಬಂದೀನಿ. ಅವತ್ತು ನಮ್ಮ ಹುಡುಗಿಗೆ ಬಸ್ಸು ತಪ್ಪಿದ ದಿನ ಇಲ್ಲಿದ್ದೋರು ಯಾರ್ಯಾರು?'

ದೊಡ್ಡೀರಪ್ಪ ಬೀಡಿ ಕೆಳಗೆ ಹಾಕಿ ಎದ್ದು ನಿಂತ. ಅವತ್ತು ನೋಡಿದ್ದ ಎರ್ರಿಸ್ವಾಮಿಯೂ ಇದ್ದ. ಆ ದಿನದ ಐದಾರು ಜನ ಸಿಕ್ಕರು.

'ಗಡಿಯಾರ ಸರಿಯಿಲ್ಲ ಅಂತ ಹುಡುಗಿ ಹೇಳಿದ್ದು ನಿಜ. ಸರಿಯಿಲ್ದಂಗೆ ಮಾಡಿದ್ದು ನಾನು. ಸುಳ್ಳಿ ಅಂದ್ನಲ್ಲ, ಆ ಮಾತು ನಂಗೆ ಸೇರಿದ್ದು. ಅವಳ್ದಲ್ಲ.'

'ಪೋನೀಲೆ ಅಕ್ಕಯ್ಯ' ಎಂದ ಯರ್ರಪ್ಪ, ಅವರ ಮನೆಯ ತೆಲುಗಿನಲ್ಲಿ, ಹೋಗಲಿ ಬಿಡಿ ಎಂಬ ಹಾಗೆ.

ದೊಡ್ಡೀರಪ್ಪನೂ, 'ಬಿಡಕ್ಕ, ಮನೆ ಮಾತು ಮನೇಲಿರ್ಲಿ' ಎಂದ.

'ಹೊಡ್ದಿದ್ದು ಬೀದ್ಯಾಗೆ ಕಣೋ' ಎಂದೆ.

ಅಷ್ಟರಲ್ಲಿ ಬಸ್ಸು ಬಂತು. ಎಂಟೂ ನಲವತ್ತಕ್ಕೇ ಬಂತು. ಕಂಡಕ್ಟರ್, 'ಅಜ್ಜಿ ಹತ್ತೀರಾ?' ಎಂದು ಕೇಳಿದ. ಇಲ್ಲ ಎಂದೆ. ಬಸ್ಸು ಹೋಗುವ ತನಕ ನಿಂತಿದ್ದು ಮನೆಗೆ ಬಂದೆ.

ನಿರ್ಮಲಾ, ನೀನು ಕೇಳಿದ್ದು ಬೀದಿಯಲ್ಲಿ. ಬೀದಿಯಲ್ಲಿ ಕೊಟ್ಟಿದ್ದೇನೆ. ಮತ್ತೆ ನಿನ್ನ ಮುಂದೆ ಬೇರೆಯಾಗಿ ಹೇಳುತ್ತೇನೆ ಎಂದು ಕಾಯಬೇಡ. ನೀನು ಗಡಿಯಾರದ ಬಾಗಿಲು ತೆಗೆದಿದ್ದೀಯ ಎಂದು ಬರೆದದ್ದು ತಪ್ಪು. 'ಗಡಿಯಾರ ನೀವೇ ಇಟ್ಟುಕೊಳ್ಳಿ' ಎಂದು ನೀನು ಬರೆದದ್ದನ್ನು ನಾನು ಮರೆಯುವುದಿಲ್ಲ. ಎರಡೂ ಇರಲಿ.

ವನಜಾಕ್ಷಿ, ನಿನ್ನ ಲೆಕ್ಕ ಸರಿ. ಬಿಚ್ಚಿದ ದಾರವನ್ನು ಮತ್ತೆ ಕಟ್ಟು. ಪರೀಕ್ಷೆಗೆ ಹೋಗು. ಮುಡಿಪು ಈಗ ದೇವರ ಗೂಡಿನ ಪಕ್ಕದ ಮೊಳೆಯಲ್ಲಿದೆ, ಎಲ್ಲರಿಗೂ ಕಾಣುವ ಹಾಗೆ. ಅದು ಅಲ್ಲಾಡುವುದಿಲ್ಲ. ಹರಕೆ ತೀರಿಲ್ಲ. ನಿನ್ನ ಕೈಯಿಂದಲೇ ಒಪ್ಪಿಸುತ್ತೇನೆ ಎಂದಿದ್ದೇನೆ, ನನ್ನ ಕೈಯಿಂದ ಆಗುವುದಿಲ್ಲ.

ಟ್ರಂಕಿನಲ್ಲಿ ನಿನ್ನ ಬಟ್ಟೆಗಳನ್ನೆಲ್ಲ ಇಟ್ಟಿದ್ದೇನೆ. ಹಾಸಿಗೆ ಇಟ್ಟಿಲ್ಲ, ಅದು ಇಲ್ಲಿಯದು. ಜಾಮಿಟ್ರಿ ಬಾಕ್ಸಿನಲ್ಲಿರುವ ನನ್ನ ಮೂರು ಸಾಲನ್ನು ತೆಗೆದು ಹಾಕಿ ಆ ಜಾಗದಲ್ಲಿ ಈ ಕಾಗದದ ಜೊತೆಗಿರುವ ಪೊಟ್ಟಣ ಇಟ್ಟುಕೋ. ಅದರಲ್ಲಿ ಗಡಿಯಾರದ ಕೀ ಇದೆ. ನನ್ನ ಹತ್ತಿರ ಇನ್ನೊಂದಿಲ್ಲ.

ಇವತ್ತು ಬೆಳಿಗ್ಗೆ ಪೂರ್ತಿ ಕೀ ಕೊಟ್ಟಿದ್ದೇನೆ. ಎಂಟು ದಿನ ನಡೆಯುತ್ತದೆ. ಆಮೇಲೆ ಏನಾಗುತ್ತದೆ ಎಂದು ನಿನಗೆ ನಾನು ಹೇಳಿಕೊಡಬೇಕಿಲ್ಲ.

ನಿನ್ನ ಅಜ್ಜಿ
ದುರುಗಕ್ಕ